ಸಿನ್ಯೋರಾ ಪಾಳಿಯ ಶನಿವಾರ

ಮನುಷ್ಯ ಎಷ್ಟು ಭಾಷೆ ಬೇಕಾದರೂ ಕಲಿಯಲಿ, ಕಾಲಿನ ಮೇಲೆ ಬಕೆಟ್ ಬಿದ್ದಾಗ ಬಾಯಿಂದ ಹೊರಡುವುದು ಹೆತ್ತವಳ ಭಾಷೆಯೇ ಎಂದು ನಾನು ಬಹಳ ಕಾಲ ನಂಬಿದ್ದೆ. ಜರ್ಮನಿಯ ಬೊಬ್ಲಿಂಗೆನ್‌ನ ನಮ್ಮ ಕಟ್ಟಡದಲ್ಲಿ ಆ ನಂಬಿಕೆ ಕೆಟ್ಟಿತು. ಇಲ್ಲಿ ಮೆಟ್ಟಿಲು ಗುಡಿಸಿ ಒರೆಸಲು ಮನೆಗೊಂದು ವಾರದ ಪಾಳಿ, ಕೇರ್‌ವೋಖೆ ಎನ್ನುತ್ತಾರೆ. ಪಾಳಿ ಬಂದವರ ಬಾಗಿಲಿಗೆ ಹಲಗೆ ತೂಗುತ್ತದೆ. ತಪ್ಪಿಸಿಕೊಳ್ಳಲು ಯಮನಿಂದಲೂ ಆಗದು.

ನನಗೆ ಒರೆಸುವುದನ್ನು ಕಲಿಸಿದವರು ಎದುರುಮನೆಯ ಇಟಲಿಯ ಅಜ್ಜಿ, ಸಿನ್ಯೋರಾ ರೋಸಾ. ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಗೊಣಗುವುದನ್ನು ಕಲಿಸಿದರು. ಬೇಸರವಾದರೆ ಕೆನ್ನೆಯುಬ್ಬಿಸಿ "ಉಫ್ಫಾ" ಎನ್ನಬೇಕು. ಬಕೆಟ್ ಮಗುಚಿದರೆ "ಅಚ್ಚಿದೆಂತಿ"; ಇದನ್ನು ಪಾದ್ರಿಯ ಮುಂದೆಯೂ ಅನ್ನಬಹುದಂತೆ. ಬೆರಗಾದರೆ "ಕಾಸ್ಪಿತಾ", ಆದರೆ ಹುಬ್ಬು ಏರಿಸದಿದ್ದರೆ ಅದು ಲೆಕ್ಕಕ್ಕಿಲ್ಲ. ಚಳಿಗಾಲದಲ್ಲಿ ನಾನು ಹುಬ್ಬಳ್ಳಿಗೆ ಹೋಗಿದ್ದಾಗ ಅವರು ತೀರಿಕೊಂಡರು. ಕೊನೆಯದಾಗಿ ಒಂದು ಮಾತೂ ಆಡಲಾಗಲಿಲ್ಲ. ಖಾಲಿ ಮನೆಯ ಬಾಗಿಲಿಗೂ ಹಲಗೆ ಬರುತ್ತಲೇ ಇತ್ತು. ಅವರ ಪಾಳಿಯ ಶನಿವಾರ ಕತ್ತಲಾದ ಮೇಲೆ, ಯಾರಿಗೂ ಹೇಳದೆ ನಾನೇ ಒರೆಸತೊಡಗಿದೆ.

ಒಂದು ದಿನ ಮೇಲಿನ ಮನೆಯ ಫ್ರಾವ್ ಮೈಯರ್, ರೋಸಾರ ಹಳೆಯ ಗೆಳತಿ, ನನ್ನ ಕೈ ಹಿಡಿದು ಪಿಸುಗುಟ್ಟಿದರು: "ರೋಸಾ ಬರ್ತಾಳೆ. ಅವಳ ಪಾಳಿಯ ಶನಿವಾರ ಮೆಟ್ಟಿಲ ಮೇಲೆ ಉಫ್ಫಾ ಅಂತಾಳೆ. ಮೆಟ್ಟಿಲು ಒದ್ದೆ ಇರುತ್ತೆ."

ಮೆಟ್ಟಿಲು ಒದ್ದೆ ಮಾಡಿದವಳು ನಾನು, ಸರಿ. ಆದರೆ ಆ ಉಫ್ಫಾ? ಹಾಗಾದರೆ ನಾನು ಬಗ್ಗಿ ಒರೆಸುವಾಗ ಅವರು ನನ್ನ ಬೆನ್ನ ಹಿಂದೆಯೇ ನಿಂತಿರುತ್ತಾರೆ! ಹೆದರಿಕೆಯಾಯಿತು. ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಗೆಳತಿಗೆ ಕೇಳಿಸುವ ದನಿ, ಪಾಳಿ ಮಾಡುವ ನನಗೇಕೆ ಒಮ್ಮೆಯಾದರೂ ಕೇಳಿಸಬಾರದು? ಗಂಡನಿಗೆ ಹೇಳಿದರೆ, "ಸತ್ತ ಮ್ಯಾಲೂ ಕಸಾ ಹೊಡಿಯೂ ಪಾಳಿ ತಪ್ಪಲಿಲ್ಲೇನ ಪಾಪ ಆ ಅಜ್ಜೀಗೆ?" ಎಂದು ನಕ್ಕರು.

ಅವರ ಪಾಳಿ ಮತ್ತೆ ಬಂತು. ಕಿವಿಯೆಲ್ಲ ಹಿಂದಕ್ಕಿಟ್ಟು ಒರೆಸಿದೆ. ಇಲ್ಲಿಯ ಮೆಟ್ಟಿಲ ದೀಪ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಅದೂ ಆರಿತು. ಖಾಲಿ ಮನೆಗೆ ಬೆನ್ನು ತೋರಿಸಲು ಧೈರ್ಯ ಸಾಲದೆ ಹಿಮ್ಮುಖವಾಗಿ ಇಳಿಯುವಾಗ ಕಾಲು ತಾಗಿ ಬಕೆಟ್ ಉರುಳಿತು.

"ಅಚ್ಚಿದೆಂತಿ!"

ಅದೇ ರಾಗ, ಅದೇ ಎಳೆತ, ಕಿವಿಯ ಬುಡದಲ್ಲೇ. ಸುತ್ತ ನೋಡಿದರೆ ಯಾರೂ ಇಲ್ಲ. ಕಿರುಚದಂತೆ ಬಾಯಿಗೆ ಕೈ ಅಡ್ಡ ಹಿಡಿದಾಗ ಗೊತ್ತಾಯಿತು, ಆ ಮಾತು ಹೊರಟದ್ದು ನನ್ನ ಬಾಯಿಂದಲೇ.

ಮೇಲೆ ಬಾಗಿಲು ಕಿರುಗುಟ್ಟಿತು. "ರೋಸಾ? ಅಲ್ಲಿ ಚೆನ್ನಾಗಿದ್ದೀಯಾ?" ಫ್ರಾವ್ ಮೈಯರ್ ಕೇಳಿದರು. "ಇದು ನಾನು" ಎನ್ನಬೇಕಿತ್ತು. ಮನಸ್ಸು ಬರಲಿಲ್ಲ. ಕತ್ತಲಲ್ಲೇ ಕೆನ್ನೆಯುಬ್ಬಿಸಿ "ಉಫ್ಫಾ" ಎಂದೆ.

ಮೇಲೆ ಅಳುವಿನ ನಡುವೆ ನಗು ಕೇಳಿಸಿತು. "ನಂಗೊತ್ತಿತ್ತು, ಸ್ವರ್ಗದಲ್ಲೂ ನಿಂಗೆ ಏನೂ ಸರಿಬರಲ್ಲ ಅಂತ."

ಈಗ ಆ ಪಾಳಿಯನ್ನು ಬಿಡುವ ಹಾಗಿಲ್ಲ. ನನ್ನ ಸ್ವಂತ ಪಾಳಿಯಲ್ಲಿ ಮಾತ್ರ ತುಟಿ ಬಿಗಿದುಕೊಂಡು, ಗುಟ್ಟು ರಟ್ಟಾಗದ ಹಾಗೆ ಬೇಗ ಬೇಗ ಒರೆಸಿ ಮುಗಿಸುತ್ತೇನೆ. ಮೊನ್ನೆ ಫ್ರಾವ್ ಮೈಯರ್ ಮೆಟ್ಟಿಲ ಮೂಲೆಗೆ ಬೆರಳಾಡಿಸಿ ನೋಡಿ ಹೇಳಿದರು: "ಬೇಜಾರು ಮಾಡ್ಕೋಬೇಡಿ, ನಿಮಗಿಂತ ರೋಸಾನೇ ಚೆನ್ನಾಗಿ ಒರೆಸ್ತಾಳೆ."