ಮೆಚ್ಚುಗೆಯ ಮುಯ್ಯಿ

ಕೊಟ್ಟೂರಿನ ಪಾಲಾಕ್ಷಪ್ಪ ಅಂತರ್ಜಾಲದ ಬರಹಗಾರರ ಬಳಗವೊಂದಕ್ಕೆ ಸೇರಿ, ತನ್ನ ಮೊದಲ ಕತೆ ಹಾಕಿ ಹದಿನೈದು ದಿನವಾಗಿತ್ತು. ಕತೆಯ ಕೆಳಗೆ ‘ಪ್ರತಿಕ್ರಿಯೆಗಳು: ೦’ ಎಂಬ ಸಾಲು ಮಾತ್ರ ಅಲುಗಾಡದೆ ಕೂತಿತ್ತು.

“ಇವತ್ತು ಸಂಜಿ ನೆಟ್ ಸೆಂಟರಿಗೆ ನಾನ ಬಂದು ನೋಡ್ತೀನ್ರಿ,” ಎಂದಳು ಹೆಂಡತಿ ಗುರುಬಸಮ್ಮ, ರೊಟ್ಟಿ ಬಡಿಯುತ್ತ. “ಒಬ್ಬರರ ನಿಮ್ಮ ಕತಿ ಓದ್ಯಾರಂದ್ರ ಬರಕೋತ ಕುಂದ್ರಿ. ಇಲ್ಲಂದ್ರ ನಾಳಿಂದ ಅದ ಹೊತ್ತಿಗೆ ಜ್ವಾಳದ ಚೀಲ ಹೊತ್ಕೊಂಡು ಗಿರಣಿಗೆ ಹೋಗ್ರಿ.”

ಅಂದು ಭಾನುವಾರ, ಶಾಲೆಯ ಗುಮಾಸ್ತಿಕೆಗೆ ರಜೆ. ಪಾಲಾಕ್ಷಪ್ಪ ಓಡಿದ್ದು ಮಂಜಣ್ಣನ ನೆಟ್ ಸೆಂಟರಿಗೆ. ಮಂಜಣ್ಣ ಜೀವಮಾನದಲ್ಲಿ ಒಂದು ಸಾಲೂ ಬರೆದವನಲ್ಲ. ಆದ್ದರಿಂದ ಬರೆಯುವವರಿಗೆ ಸಲಹೆ ಕೊಡಲು ಅವನಿಗೆ ಯಾವ ಅಂಜಿಕೆಯೂ ಇರಲಿಲ್ಲ.

“‘ಹೊಸಬರಿಗೆ ಸಲಹೆ’ ಅಂತ ಅಲ್ಲೇ ಒಂದು ಪುಟ ಐತಲ್ರಿ, ಓದೀರೇನು?”

“ಬಾಳ ಉದ್ದ ಐತಿ ಮಾರಾಯ.”

“ಹಂಗಾರ ನಾ ಹೇಳ್ತೀನಿ ಕೇಳ್ರಿ. ಇದು ಮುಯ್ಯಾಳು ಇದ್ದಂಗ. ಕಳೆ ತೆಗ್ಯಾಕ ಇವತ್ತು ನೀವು ಅವರ ಹೊಲಕ್ಕ ಹೋದ್ರ, ನಾಳಿ ಅವರು ನಿಮ್ಮ ಹೊಲಕ್ಕ ಬರ್ತಾರ. ನೀವು ಅವರ ಬರಹ ಹೊಗಳ್ರಿ, ಅವರು ಬಂದು ನಿಮ್ದು ಹೊಗಳ್ತಾರ.”

ಹೊಲಗದ್ದೆ ಕಂಡವನಿಗೆ ಈ ಲೆಕ್ಕ ಥಟ್ಟನೆ ಹಿಡಿಸಿತು. ‘ಬಹಳ ಚೆನ್ನಾಗಿದೆ. ಓದಿ ಸಂತೋಷವಾಯಿತು. ಹೀಗೇ ಬರೆಯುತ್ತಿರಿ’ ಎಂದು ಒಮ್ಮೆ ಬರೆದು, ಅದನ್ನೇ ನಲವತ್ತು ಜನರ ಬರಹಗಳ ಕೆಳಗೆ ಅಂಟಿಸಿದ. ಒಂದನ್ನೂ ಓದಲಿಲ್ಲ. ಓದುತ್ತ ಕೂತರೆ ಸಂಜೆಯೊಳಗೆ ಮುಗಿಯುವ ಕೆಲಸವೇ ಅದು?

ಊಟ ಮುಗಿಸಿ ಬಂದಾಗ ಮಂಜಣ್ಣನ ಮುಖ ಬಾಡಿತ್ತು.

“ಪಾಲಾಕ್ಷಪ್ಪಾರ, ಏನ್ ಮಾಡೀರಿ ಇದು? ಒಬ್ಬಾಕಿ ಪಾಪ, ತಾಯಿ ತೀರಿಹೋದದ್ದು ಬರದಾಳ. ಅದರ ಕೆಳಗ ‘ಓದಿ ಸಂತೋಷವಾಯಿತು’ ಅಂದೀರಿ. ‘ಹೀಗೇ ಬರೆಯುತ್ತಿರಿ’ ಅಂತ ಬ್ಯಾರೆ!”

ಪಾಲಾಕ್ಷಪ್ಪ ಪರದೆಗೆ ಬಗ್ಗಿ ನೋಡಿದ. ಅಲ್ಲಿ ಬೈಗುಳದ ಸುರಿಮಳೆಯಾಗಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಗಿ, ಆ ಹೆಣ್ಣುಮಗಳಿಗೆ ಕ್ಷಮೆ ಕೇಳಿ ಉದ್ದದ ಓಲೆ ಬರೆದ. ಅದು ಅವನ ಕತೆಗಿಂತ ಚೆನ್ನಾಗಿತ್ತು. ‘ಹೋಗಲಿ ಬಿಡಿ ಅಣ್ಣ’ ಎಂದು ಆಕೆ ದೊಡ್ಡ ಮನಸ್ಸು ಮಾಡಿದಳು. ಆದರೆ ಅವನ ಕತೆಯ ಕೆಳಗೆ ಸೊನ್ನೆ ಹಾಗೇ ಇತ್ತು.

ಸಂಜೆ ಗುರುಬಸಮ್ಮ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಮಂಜಣ್ಣ ಕೂಗುವುದಕ್ಕೂ ಸರಿಹೋಯಿತು. “ಬರ್ರಿ ಅಕ್ಕಾರ! ಮುಖಪುಟದಾಗ ಇವರ ಹೆಸರು ಬಂದೈತಿ!”

ಪಾಲಾಕ್ಷಪ್ಪ ಮೀಸೆ ನೀವಿಕೊಂಡು ಹೆಂಡತಿಗೆ ಕುರ್ಚಿ ಬಿಟ್ಟುಕೊಟ್ಟ. ಬಳಗದವರು ‘ಹೊಸಬರಿಗೆ ಸಲಹೆ’ ಪುಟವನ್ನು ತಿದ್ದಿ ಮುಖಪುಟದ ನೆತ್ತಿಗೇ ಏರಿಸಿದ್ದರು. ಗುರುಬಸಮ್ಮ ಮೊದಲ ಸಲಹೆಯನ್ನು ಗಟ್ಟಿಯಾಗಿ ಓದಿದಳು: “‘ಓದಿದ ಮೇಲಷ್ಟೇ ಮೆಚ್ಚಿರಿ. ಕೊಟ್ಟೂರಿನ ಪಾಲಾಕ್ಷಪ್ಪನವರಂತೆ ಮಾಡಬೇಡಿ.’”

ಅದರ ಕೆಳಗೆ ಮೂವತ್ತೊಂಬತ್ತು ಪ್ರತಿಕ್ರಿಯೆಗಳಿದ್ದವು. ತಾಯಿ ಕಳೆದುಕೊಂಡ ಆ ಒಬ್ಬಳನ್ನು ಬಿಟ್ಟು ಎಲ್ಲರೂ ಮುಯ್ಯಿ ತೀರಿಸಲು ಬಂದಿದ್ದರು. ಎಲ್ಲರದೂ ಒಂದೇ ಮಾತು: ‘ಬಹಳ ಚೆನ್ನಾಗಿದೆ. ಓದಿ ಸಂತೋಷವಾಯಿತು. ಹೀಗೇ ಬರೆಯುತ್ತಿರಿ.’

ಗುರುಬಸಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

“ಮುಯ್ಯಾಳು ಬಂದಾರ ಬಿಡ್ರಿ, ಬ್ಯಾರೇರ ಹೊಲಕ್ಕ ಹೋಗ್ಯಾರ ಅಷ್ಟ. ಜ್ವಾಳ ಹಸನ ಮಾಡಿ ಇಟ್ಟೀನಿ, ನಾಳಿ ಲಗೂನ ಹೋಗ್ರಿ.”