ಒದೆ ತಿಂದ ಪಂಡಿತನ ಓದುಗರು

ಸೇಡಂನ ವಾಚನಾಲಯದಲ್ಲಿ ಎಪ್ಪತ್ತರ ದಶಕದಲ್ಲಿ ನನಗೆ ಕೆಲಸ. ಅಲ್ಲಿ ಪುಸ್ತಕ ಓದಲು ಪುರುಸೊತ್ತಾಗುತ್ತಿರಲಿಲ್ಲ. ಓದಿದವರ ಮಾತು ಕೇಳುವುದರಲ್ಲೇ ದಿನ ಮುಗಿಯುತ್ತಿತ್ತು. ಒಂದೇ ಪುಸ್ತಕದಿಂದ ಆದದ್ದನ್ನಷ್ಟೇ ಹೇಳುತ್ತೇನೆ.

ಅದು ಯಾವುದೋ ದೂರದೇಶದ ಹಳೆಯ ವಿಡಂಬನೆ, ಕನ್ನಡಕ್ಕೆ ಬಂದದ್ದು. ನೋವೆಂಬುದು ಬರೀ ಭ್ರಮೆ ಎಂದು ಸಾಧಿಸಲು ಒಬ್ಬ ಪಂಡಿತ ಹದಿನೇಳು ದೇಶ ತಿರುಗುತ್ತಾನೆ. ಹದಿನೇಳರಲ್ಲೂ ಒದೆ ತಿನ್ನುತ್ತಾನೆ.

ತಪ್ಪು ಕಪಾಟು

ಹೆಸರಿನಲ್ಲಿ ಪಂಡಿತ ಇದ್ದಾನೆಂದು ನಾನು ಅದನ್ನು ಅಧ್ಯಾತ್ಮದ ಕಪಾಟಿನಲ್ಲಿಟ್ಟೆ. ಕೊಡ್ಲಿ ಊರಿನ ಹಿರಿಯರೊಬ್ಬರು ಒಯ್ದರು. ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿ ಓದಿದರಂತೆ. ತಿಂಗಳಾದ ಮೇಲೆ ಮಡಿಬಟ್ಟೆಯಲ್ಲಿ ಸುತ್ತಿ ತಂದರು.

"ಭಾಳ ದೊಡ್ಡ ಮಹಾತ್ಮರು ನೋಡ್ರಿ. ಅಷ್ಟು ಒದ್ದರೂ ಸಿಟ್ಟಿಗೇಳಲಿಲ್ಲ."

ಅಷ್ಟರಲ್ಲಿ ನಾನೂ ಒಂದೆರಡು ಪುಟ ತಿರುವಿ ಹಾಕಿದ್ದೆ. "ಯಜಮಾನ್ರ, ಅದು ನಗಸಲಿಕ್ಕೆ ಬರೆದದ್ದರಿ."

ಅವರ ಮುಖ ಇಳಿಯಿತು. "ಹೌದೇನ್ರಿ? ನಮ್ಮ ಮನ್ಯಾಗ ಎಲ್ಲಾರೂ ಅತ್ತಾರಲ್ರಿ!"

ವಕೀಲರು

ಊರಿನ ವಕೀಲರು ಎರಡೇ ದಿನದಲ್ಲಿ ಓದಿ ಮೇಜಿನ ಮೇಲೆ ಬಡಿದರು.

"ಹದಿನೇಳು ಕಡೆ ಮಾರಾಮಾರಿ ಆಗ್ಯದ, ಒಂದು ಫಿರ್ಯಾದಿ ಇಲ್ಲ! ಅಷ್ಟು ದೇಶದಾಗ ಒಬ್ಬ ವಕೀಲನೂ ಸಿಗಲಿಲ್ಲೇನ್ರಿ ಅವಗ?"

ಐನಾಪುರದ ಸಂಬಂಧ

ನನಗೆ ಹೆಣ್ಣು ನೋಡಲು ಸೋದರಮಾವ ಐನಾಪುರಕ್ಕೆ ಕರೆದೊಯ್ದ. ಬಸ್ಸಿನಲ್ಲಿ ಓದಲೆಂದು ಆ ಪುಸ್ತಕ ಚೀಲದಲ್ಲಿತ್ತು. ಹುಡುಗಿಯ ತಂದೆ ನಿಜಾಮರ ಕಾಲದಲ್ಲಿ ಉರ್ದು ಕಲಿತವರು. ಕನ್ನಡದ ಅಕ್ಷರ ಅವರಿಗೆ ಅಷ್ಟಕ್ಕಷ್ಟೇ. "ಹುಡುಗ ಏನು ಓದ್ತಾನ, ನೋಡೂಣು. ಮಗಳು ಓದಿ ಹೇಳ್ತಾಳ" ಎಂದು ಪುಸ್ತಕ ಇಟ್ಟುಕೊಂಡರು.

ಎಂಟು ದಿನಕ್ಕೆ ಸೋದರಮಾವ ಸಪ್ಪೆ ಮುಖ ಹಾಕಿಕೊಂಡು ಬಂದ. "ಅವರು ಒಲ್ಲೆ ಅಂದ್ರಪಾ. ಮನ್ಯಾಗ ಹಿಟ್ಟಿಲ್ಲಂದ್ರ ಹಸಿವಿ ಭ್ರಮೆ ಅಂತ ಹೇಳೋ ಅಳಿಯ ಬ್ಯಾಡಂತ."

ಹುಡುಗಿಯನ್ನು ನಾನು ನೋಡಿದ್ದು ಒಂದೇ ಸಲ, ಚಹಾ ಕೊಡುವಾಗ. ಆದರೂ ಎರಡು ದಿನ ಊಟ ಸೇರಲಿಲ್ಲ. ಪುಸ್ತಕ ಸರಕಾರದ್ದು, ಬಿಡುವ ಹಾಗಿರಲಿಲ್ಲ. ಒಬ್ಬನೇ ಹೋದೆ.

ತಂದೆ ಕಟ್ಟೆಯ ಮೇಲಿದ್ದರು. ಕುಂದ್ರಿ ಎಂದೂ ಅನ್ನಲಿಲ್ಲ. ಪುಸ್ತಕ ತಂದುಕೊಡಲು ಮಗಳನ್ನು ಕೂಗಿದರು. ಆಕೆ ಬಾಗಿಲ ಮರೆಯಲ್ಲೇ ನಿಂತು, "ಅಪ್ಪಾ, ಇವರಿಗೆ ಹ್ಞೂಂ ಅಂದುಬಿಡು" ಎಂದಳು.

"ಯಾಕ?"

"ಎಷ್ಟು ಬೈದ್ರೂ ಬೈಗಳ ಭ್ರಮೆ ಅಂತ ಸುಮ್ನ ಕುಂದ್ರೋ ಗಂಡ ಮತ್ತೆಲ್ಲಿ ಸಿಗ್ತಾನ?"

ಅಡುಗೆಮನೆಯಿಂದ ಮುಂದೆ ನಮ್ಮ ಅತ್ತೆಯಾದವರ ದನಿ ಬಂತು:

"ಈ ಪುಸ್ತಕ ನನ್ನ ಲಗ್ನಕ್ಕಿಂತ ಮೊದಲ ಬರಬೇಕಿತ್ತವ್ವಾ. ನಿಮ್ಮಪ್ಪಗ ಓದಿಸಿ ಆಮ್ಯಾಲ ತಾಳಿ ಕಟ್ಟಿಸ್ಕೋತಿದ್ದೆ!"