ಅಣಬೆಗೆ ಹೆಸರಿಟ್ಟ ದಿನ

ಸಸ್ಯಶಾಸ್ತ್ರ ವಿಭಾಗದ ಹಂಗಾಮಿ ಮೇಷ್ಟ್ರಿಗೆ ಗ್ರಹಚಾರ ವಕ್ಕರಿಸಿದ್ದು ಕಾಲೇಜಿನ ಹಿಂದಿನ ಕೊಳೆತ ದಿಮ್ಮಿಯ ಮೇಲೆದ್ದ ಒಂದು ಅಣಬೆಯಿಂದ. ಅದರ ಟೋಪಿ ಕತ್ತರಿಸಿ, ಕಾಗದದ ಮೇಲಿಟ್ಟು, ಗಾಜಿನ ಲೋಟ ಮುಚ್ಚಿ ಮನೆಗೆ ಹೋಗಿದ್ದರು. ಬೆಳಿಗ್ಗೆ ಎತ್ತಿ ನೋಡಿದರೆ ಉದುರಿದ ಬೀಜಕಣಗಳು ನೀಲಿಯಾಗಿ ಅಚ್ಚೊತ್ತಿದ್ದವು! ಅಣಬೆಯ ಕುಲಗೋತ್ರ ಹೇಳುವುದೇ ಆ ಪುಡಿಯ ಬಣ್ಣ. ಬಿಳಿ, ಗುಲಾಬಿ, ಕಂದು, ಕಪ್ಪು ಎಲ್ಲ ಕಂಡಿದ್ದರು. ನೀಲಿ ಮಾತ್ರ ಅವರು ತಿರುವಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೊಸ ಪ್ರಭೇದ! ವರ್ಷಗಟ್ಟಲೆ ಹಂಗಾಮಿಯಾಗಿಯೇ ಸವೆದ ಮೇಷ್ಟ್ರ ಕಣ್ಣು ತುಂಬಿಬಂತು. ಏನಾದರೂ ಹೊಸದು ಕಂಡುಹಿಡಿದವರಿಗೇ ಖಾಯಂ ಹುದ್ದೆ ಎಂದಿತ್ತು ಆಡಳಿತ ಮಂಡಳಿ. ಅಂದು ಸಂಜೆಯೇ ಸಭೆ.

ಕಂಡುಹಿಡಿದವನು ಪ್ರಭೇದಕ್ಕೆ ತನ್ನ ಹೆಸರು ಇಟ್ಟುಕೊಳ್ಳುವುದು ಮರ್ಯಾದೆಯಲ್ಲ, ಬೇರೆಯವರದ್ದು ಇಡಬಹುದು. ಈ ಸುದ್ದಿ ಹಬ್ಬಿದ್ದೇ ತಡ, ಜನ ಮುತ್ತಿಕೊಂಡರು.

"ನನ್ ಹೆಸರಿಡಿ. ನಿಮ್ ಫೈಲು ಓಡ್ಸೋದು ಯಾರು, ನಾನಲ್ವಾ?" ಎಂದ ಗುಮಾಸ್ತ.

ಹೆಂಡತಿ ಫೋನಿನಲ್ಲೇ ಕೆರಳಿದಳು. "ಮದುವೆ ಆದಾಗಿಂದ ನಮ್ಮಪ್ಪನಿಗೆ ಏನ್ ಮಾಡಿದೀರಿ? ಒಂದ್ ಹೆಸರಿಡೋಕೂ ಆಗಲ್ವಾ?"

ಗ್ರಂಥಾಲಯದ ಮೇಡಂ ರಾಜಿ ಸೂತ್ರ ತಂದರು. "ಅದು ಮರಿ ಹಾಕಲ್ವಾ ಸಾರ್? ಒಂದೊಂದು ಮರಿಗೆ ಒಬ್ಬೊಬ್ಬರ ಹೆಸರಿಡಿ."

"ಮರಿ ಅಲ್ಲ ಮೇಡಂ. ಬೀಜಕಣ ಮೊಳೆತು ಎಳೆ ಬಿಡುತ್ತೆ. ಒಂದೆಳೆ ಇನ್ನೊಂದು ಹೊಂದೋ ಎಳೆನ ಹುಡುಕ್ಕೊಂಡು ಹೋಗಿ, ಎರಡೂ ಕೂಡಿದ ಮೇಲೆ..."

"ಥೂ! ಹೆಂಗಸರ ಮುಂದೆ ಆಡೋ ಮಾತಾ ಇದು?" ಎಂದು ಮೇಡಂ ನೇರ ವಿಭಾಗದ ಮುಖ್ಯಸ್ಥರಿಗೆ ದೂರು ಕೊಟ್ಟರು.

ಮುಖ್ಯಸ್ಥರು ಮೇಷ್ಟ್ರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಕೆಲಸ ಕೆಟ್ಟಿತೆಂದುಕೊಂಡ ಮೇಷ್ಟ್ರು ಅವರು ಬಾಯಿ ತೆರೆಯುವ ಮೊದಲೇ ಅಂಗಲಾಚಿದರು.

"ನಿಮ್ಮ ಹೆಸರೇ ಇಡ್ತೀನಿ ಸಾರ್."

"ಛೆ ಛೆ, ನನಗ್ಯಾಕ್ರೀ ಹೆಸರಿನ ಹುಚ್ಚು? ಎಲ್ಲಾ ನನ್ನ ಕೈಗೆ ಕೊಡಿ. ಮೇಡಂನ ನಾನು ಸಮಾಧಾನ ಮಾಡ್ತೀನಿ. ಸಭೇಲೂ ನಾನೇ ಮಾತಾಡ್ತೀನಿ, ನೀವು ಬಾಯಿ ಬಿಡಬೇಡಿ."

ಇಂಥ ದೊಡ್ಡ ಮನುಷ್ಯರನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಎಂದು ಮೇಷ್ಟ್ರಿಗೆ ನಾಚಿಕೆಯಾಯಿತು. ಅಣಬೆ, ಅಚ್ಚು ಎರಡನ್ನೂ ಒಪ್ಪಿಸಿದರು.

ಸಂಜೆ ಸಭೆಯಲ್ಲಿ ಮುಖ್ಯಸ್ಥರು ಎದ್ದು ನಿಂತರು. "ಈ ಹೊಸ ಅಣಬೆಗೆ, ನಮ್ಮ ವಿಭಾಗಕ್ಕಾಗಿ ದುಡಿದ ಹಂಗಾಮಿ ಮೇಷ್ಟ್ರ ಹೆಸರನ್ನೇ ಇಟ್ಟಿದ್ದೇವೆ."

ಚಪ್ಪಾಳೆ ಸುರಿಯಿತು. ಮೇಷ್ಟ್ರು ಎದ್ದು ಕೈಮುಗಿದರು.

"ತಮ್ಮ ಹೆಸರು ತಾವೇ ಇಟ್ಕೊಳ್ಳೋ ಹಾಗಿಲ್ಲ ಅಂತಾರಲ್ಲ? ಹಾಗಾದ್ರೆ ಕಂಡುಹಿಡಿದೋರು ಯಾರು?" ಅಧ್ಯಕ್ಷರು ಕೇಳಿದರು.

"ನಮ್ಮ ಅಳಿಯ," ಎಂದರು ಮುಖ್ಯಸ್ಥರು. "ಅವನೂ ಇಲ್ಲೇ ಹಂಗಾಮಿ. ಹೆಸರು ಸೂಚಿಸಿದ್ದೂ ಅವನೇ. ಹಿರಿಯರ ಮೇಲೆ ಅಷ್ಟು ಗೌರವ."

ಹುದ್ದೆ ಅಲ್ಲೇ ಅಳಿಯನ ಪಾಲಾಯಿತು. ಮೇಷ್ಟ್ರು ಮುಗಿದ ಕೈ ಇಳಿಸುವಂತೆಯೂ ಇರಲಿಲ್ಲ. ಇಡೀ ಸಭೆ ಅವರನ್ನೇ ನೋಡಿಕೊಂಡು ಇನ್ನೂ ಚಪ್ಪಾಳೆ ತಟ್ಟುತ್ತಿತ್ತು.